ಐದನೆಯ ಮೆಟ್ಟಿಲು ಯಾರದು?

ನಮ್ಮತ್ತೆ ಪುಟ್ಟಗೌರಮ್ಮ ನಾಲ್ಕು ಮೆಟ್ಟಿಲಿನವರು. ನಮ್ಮೂರಿನಲ್ಲಿ ಇಷ್ಟು ಹೇಳಿದರೆ ಸಾಕು, ಎಲ್ಲರಿಗೂ ಅರ್ಥವಾಗುತ್ತದೆ. ಎಪ್ಪತ್ತೆಂಟು ವರ್ಷದ ಅವರ ಮಂಡಿ ನಾಲ್ಕು ಮೆಟ್ಟಿಲು ಹತ್ತುತ್ತದೆ, ನಾಲ್ಕು ಇಳಿಯುತ್ತದೆ. ಐದನೆಯದರ ಮೇಲೆ ಭಾರ ಬಿಟ್ಟರೆ ಅಲ್ಲೇ ಕಚ್ಚಿಕೊಳ್ಳುತ್ತದೆ. ನಮ್ಮ ಮನೆಗೆ ಇದ್ದದ್ದೂ ನಾಲ್ಕೇ ಮೆಟ್ಟಿಲು. ಅದು ನಾಲ್ಕರಲ್ಲೇ ನಿಲ್ಲಲಿ ಎಂದು ಆರು ವರ್ಷ ನಾನು ಪಟ್ಟ ಪಾಡು ನನಗೇ ಗೊತ್ತು.

ಹೊರಗಿನವರಿಗಾಗಿ ಸ್ವಲ್ಪ ಹೇಳಿಬಿಡುತ್ತೇನೆ. ನಮ್ಮಲ್ಲಿ ಒಂದು ಮನೆಯೊಳಗೆ ಮಲಗುವವರ ಸಂಪತ್ತು ಹೆಚ್ಚಿದರೆ ಮನೆಯ ಮುಂದೆ ಮೆಟ್ಟಿಲು ಹೆಚ್ಚುತ್ತದೆ, ಮನೆ ಅಷ್ಟು ಮೇಲೇಳುತ್ತದೆ. ಕಡಿಮೆಯಾದರೆ ಇಳಿಯುತ್ತದೆ. ಹೊಸ ಮೆಟ್ಟಿಲು ಯಾವಾಗಲೂ ಎಲ್ಲಕ್ಕಿಂತ ಕೆಳಗೆ, ಬೀದಿಗೆ ತಾಗಿ ಬರುತ್ತದೆ. ಬರುವಾಗಲೇ ನಡುವೆ ಸವೆದು, ಅಂಚಿಗೆ ಪಾಚಿ ಕಟ್ಟಿಕೊಂಡು ಬರುತ್ತದೆ, ಮುತ್ತಜ್ಜನ ಕಾಲದಿಂದ ಅಲ್ಲೇ ಇದ್ದ ಹಾಗೆ. ಇಳಿಜಾರು ಕಟ್ಟಿಸಿ ನೋಡಿದವರಿದ್ದಾರೆ. ಬೆಳಗಾಗುವುದರೊಳಗೆ ಅದು ಬಿರುಕು ಬಿಟ್ಟು ಮತ್ತೆ ಮೆಟ್ಟಿಲೇ ಆಗಿರುತ್ತದೆ. ಹೊತ್ತು ಇಳಿಸಬಹುದಲ್ಲ ಎನ್ನಬೇಡಿ. ನಮ್ಮಲ್ಲಿ ಮೆಟ್ಟಿಲ ಮೇಲಿಂದ ಹೊತ್ತು ಇಳಿಸುವುದು ಹೆಣವನ್ನು ಮಾತ್ರ. ಜೀವ ಇರುವವರು ತಮ್ಮ ಕಾಲಲ್ಲೇ ಇಳಿಯಬೇಕು, ಇಲ್ಲದಿದ್ದರೆ ಒಳಗಿರಬೇಕು.

ಇದಕ್ಕೆಲ್ಲ ನಾವು ಒಗ್ಗಿಕೊಂಡಿದ್ದೇವೆ. ಹೆಣ್ಣು ಕೊಡುವವರು ಕತ್ತಲು ಹರಿಯುವ ಮುಂಚೆ ಬಂದು ಗಂಡಿನ ಮನೆಯ ಮೆಟ್ಟಿಲು ಎಣಿಸಿಕೊಂಡು ಹೋಗುತ್ತಾರೆ. ಹಗಲಿನಲ್ಲಿ ಎಣಿಸಿದರೆ ಮರ್ಯಾದೆಗೇಡು. ಸರ್ಕಾರಿ ಆಸ್ಪತ್ರೆಗೆ ಯಾರೂ ದುಡ್ಡು ದಾನ ಮಾಡುವುದಿಲ್ಲ, ಮಾಡಿದರೆ ರೋಗಿಗಳು ಹತ್ತುವುದು ಹೇಗೆ? ಅದಕ್ಕೇ ಬಟ್ಟೆ ಒಗೆದುಕೊಡುತ್ತೇವೆ, ಗಂಜಿ ಮಾಡಿಕೊಡುತ್ತೇವೆ. ಹಿಂದೆಲ್ಲ ಒಂದು ಮೆಟ್ಟಿಲು ಬರಲು ಹತ್ತು ಹನ್ನೆರಡು ವರ್ಷ ಹಿಡಿಯುತ್ತಿತ್ತಂತೆ, ಕಾಲಿಗೆ ಅಭ್ಯಾಸವಾಗಲು ಪುರುಸೊತ್ತಿತ್ತು. ಫೋನಿನಲ್ಲೇ ವ್ಯಾಪಾರ, ಫೋನಿನಲ್ಲೇ ಷೇರು ಎಂದಾದ ಮೇಲೆ ಆ ಪುರುಸೊತ್ತು ಹೋಯಿತು. ಮೇಲಿನ ಬೀದಿಯ ಪದ್ಮನಾಭಯ್ಯನವರ ಮನೆಗೆ ಬೆಳಗ್ಗೆ ಅರವತ್ತೊಂದು ಮೆಟ್ಟಿಲಿದ್ದರೆ ಮಧ್ಯಾಹ್ನ ಐವತ್ತೆಂಟು, ಚಹಾ ಹೊತ್ತಿಗೆ ಮತ್ತೆ ಅರವತ್ತು. ಹಾಲಿನವಳು ಷೇರುಪೇಟೆ ಮುಚ್ಚಿದ ಮೇಲೆಯೇ ಅಲ್ಲಿಗೆ ಹತ್ತುವುದು. ಒಮ್ಮೆ ಹನ್ನೊಂದು ಗಂಟೆಗೆ ಹತ್ತಲು ಹೋಗಿ ಕ್ಯಾನಿನ ಸಮೇತ ಉರುಳಿದ್ದಾಳೆ. ಪದ್ಮನಾಭಯ್ಯನವರು ಬೀದಿಗಿಳಿದು ಒಂಬತ್ತು ವರ್ಷವಾಯಿತು. ಬುಟ್ಟಿಗೆ ಹಗ್ಗ ಕಟ್ಟಿ ಸೊಪ್ಪು ಕೊಳ್ಳುತ್ತಾರೆ, ಪಾಪ.

ನಾನು ವನಮಾಲಾ, ಸೀರೆ ಸೆರಗಿಗೆ ಕುಚ್ಚು ಕಟ್ಟುವವಳು. ಎಲ್ಲೆಲ್ಲಿಯದೋ ಹೆಂಗಸರು ಫೋನಿನಲ್ಲಿ ನನ್ನ ಕುಚ್ಚಿನ ಫೋಟೋ ನೋಡಿ ಸೀರೆ ಕೊರಿಯರ್ ಮಾಡುತ್ತಾರೆ, ನಾನು ಕಟ್ಟಿ ವಾಪಸ್ ಕಳಿಸುತ್ತೇನೆ. ಉಳಿದದ್ದನ್ನು ತಿಂಗಳು ತಿಂಗಳು ಒಂದು ಮ್ಯೂಚುವಲ್ ಫಂಡಿಗೆ ಹಾಕುತ್ತೇನೆ. ನನ್ನ ಕೈ ಚುರುಕು, ಬಣ್ಣದ ಕಣ್ಣು ಇನ್ನೂ ಚುರುಕು, ಇದನ್ನು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ನಾಲ್ಕನೆಯ ಮೆಟ್ಟಿಲು ಬಂದದ್ದೇ ನನ್ನ ಕುಚ್ಚಿನಿಂದ. ನಮ್ಮ ಯಜಮಾನರು ಶ್ರೀಕಂಠಯ್ಯ ಸೊಸೈಟಿಯಲ್ಲಿ ಗುಮಾಸ್ತರು. ಅವರ ಸಂಬಳ ಬಂದಷ್ಟೇ ವೇಗದಲ್ಲಿ ಹೋಗುತ್ತದೆ, ಅದರಿಂದ ಒಂದು ಇಟ್ಟಿಗೆಯೂ ಮೇಲೆದ್ದಿಲ್ಲ.

ಅತ್ತೆಗೆ ಬೀದಿಯೆಂದರೆ ಪ್ರಾಣ. ಸಾಯಂಕಾಲ ನಾಲ್ಕೂವರೆಗೆ ಗೋಡೆ ಹಿಡಿದುಕೊಂಡು ನಾಲ್ಕು ಮೆಟ್ಟಿಲು ಇಳಿದು ಎದುರು ಮನೆಯ ತಾರಾಮಣಿಯವರ ಜಗಲಿಗೆ ಹೋಗುತ್ತಿದ್ದರು. ಅಲ್ಲಿಂದ ತಿರುವಿನ ಅರಳಿಕಟ್ಟೆ, ಅಲ್ಲಿ ಹೂವಿನವಳು, ಅವಳ ಬಾಯಲ್ಲಿ ಊರಿನ ಸುದ್ದಿ. ತಾರಾಮಣಿಯವರು ಅತ್ತೆಯ ಓರಗೆಯವರು. ಮೂವತ್ತು ವರ್ಷ ಅಂಚೆ ಕಚೇರಿಯ ಉಳಿತಾಯಕ್ಕೆ ಮನೆಮನೆ ತಿರುಗಿ ಕಂತು ಕಟ್ಟಿಸಿಕೊಂಡವರು. ತಮ್ಮದನ್ನು ಮಾತ್ರ ಯಾತ್ರೆಗೆ ಸುರಿದು ಎರಡೇ ಮೆಟ್ಟಿಲಲ್ಲಿ ಉಳಿದವರು. "ಬೀದಿ ನೋಡ್ದಿದ್ರೆ ನಂಗೆ ಅನ್ನ ಗಂಟ್ಲಲ್ಲಿ ಇಳಿಯಲ್ಲ ಕಣೇ ಮಾಲಾ" ಎನ್ನುತ್ತಿದ್ದರು ಅತ್ತೆ. ಆ ಮಾತು ನನ್ನ ತಲೆಯಲ್ಲಿ ಮೊಳೆ ಹೊಡೆದುಕೊಂಡಿತ್ತು. ಐದನೆಯದು ಬಂದರೆ ಅತ್ತೆ ಒಳಗೇ, ಪದ್ಮನಾಭಯ್ಯನವರ ಹಾಗೆ.

ಹೊಸ ಮೆಟ್ಟಿಲು ಬರುವ ನಾಲ್ಕೈದು ದಿನ ಮುಂಚೆ ಕೆಳಗಿನ ಮಣ್ಣು ಉಬ್ಬುತ್ತದೆ, ಇರುವೆಗಳು ಸಾಲುಗಟ್ಟಿ ಮನೆ ಬದಲಾಯಿಸುತ್ತವೆ. ಅದನ್ನು ಕಂಡ ಕೂಡಲೇ ನಾನು ಬಂದ ಸೀರೆಗಳನ್ನು ಕುಚ್ಚು ಕಟ್ಟದೆ ವಾಪಸ್ ಕಳಿಸುತ್ತಿದ್ದೆ. ಕೈ ನೋವು ಎಂದು ಸುಳ್ಳು ಬರೆಯುತ್ತಿದ್ದೆ. ಇದ್ದದ್ದರಲ್ಲಿ ಬೀದಿಗೆಲ್ಲ ಮೈಸೂರುಪಾಕು ಹಂಚುತ್ತಿದ್ದೆ. ಉಬ್ಬು ಇಳಿಯುತ್ತಿತ್ತು. ಬೀದಿಯವರು ನನ್ನನ್ನು ಧಾರಾಳಿ ಎಂದುಕೊಂಡಿದ್ದರು. ಒಂದು ದೊಡ್ಡ ಸೀರೆ ಅಂಗಡಿಯವರು ತಿಂಗಳಿಗೆ ಇನ್ನೂರು ಸೀರೆ ಕೊಡುತ್ತೇವೆ ಎಂದು ಎರಡು ಸಲ ಕೇಳಿದ್ದರು. ಎರಡು ಸಲವೂ ಆಗುವುದಿಲ್ಲ ಎಂದೆ, ಎರಡು ಸಲವೂ ಬಚ್ಚಲಿಗೆ ಹೋಗಿ ಕಣ್ಣೀರು ಹಾಕಿದೆ. ಅಲ್ಲಿ ಅತ್ತೆಯನ್ನು ಬೈದುಕೊಂಡೂ ಇದ್ದೆ, ಸುಳ್ಳು ಯಾಕೆ ಹೇಳಲಿ. ಈ ಮಂಡಿ ಇಲ್ಲದಿದ್ದರೆ ನಾನು ಎಲ್ಲಿರುತ್ತಿದ್ದೆ ಎಂದು ಎಷ್ಟೋ ಸಲ ಅನ್ನಿಸಿದೆ.

ಹೀಗಿರುವಾಗ ಆಷಾಢದ ಒಂದು ಮಂಗಳವಾರ ಬೆಳಗ್ಗೆ ನೀರು ಹಾಕಲು ಬಾಗಿಲು ತೆಗೆದರೆ ಕೆಳಗೆ ಐದನೆಯ ಮೆಟ್ಟಿಲು ಬಂದು ಕೂತಿದೆ! ಕೈಯಲ್ಲಿದ್ದ ತಂಬಿಗೆ ಜಾರಿತು. ಮಣ್ಣು ಉಬ್ಬಿದ್ದು ನನಗೆ ಕಾಣಲೇ ಇಲ್ಲವಲ್ಲ ಎಂದು ನೋಡಿದರೆ, ಮೆಟ್ಟಿಲಿನ ಮೇಲೆ ಒಂದು ಹಳೆಯ ಗೋಣಿಚೀಲ ಓರೆಯಾಗಿ ಬಿದ್ದಿತ್ತು. ನಾಲ್ಕು ದಿನದ ಹಿಂದೆ ಅತ್ತೆಯೇ ಅದನ್ನು ಅಲ್ಲಿ ಹಾಕಿಸಿದ್ದರು, ಕಾಲಿನ ಕೆಸರು ಒಳಗೆ ಬರುತ್ತದೆ ಎಂದು. ಆಗ ನನಗೆ ಅದರಲ್ಲಿ ವಿಶೇಷ ಏನೂ ಕಾಣಲಿಲ್ಲ.

ಒಳಗೆ ಬಂದು ಫೋನು ಹಿಡಿದು ಕೂತೆ. ಕುಚ್ಚಿನ ಹಣ ಇದ್ದಷ್ಟೇ ಇತ್ತು. ಫಂಡು ಸ್ವಲ್ಪ ಏರಿತ್ತು, ಮೆಟ್ಟಿಲು ತರುವಷ್ಟಲ್ಲ. ಯಜಮಾನರನ್ನು ಎಬ್ಬಿಸಿ, "ಏನ್ರೀ, ನನಗೆ ತಿಳೀದ ಹಾಗೆ ಏನಾದ್ರೂ ಮಾಡಿದೀರಾ? ಲಾಟರಿ? ಚೀಟಿ?" ಎಂದೆ.

"ನಾನಾ? ನಮ್ಮಮ್ಮನಾಣೆ ಇಲ್ಲ. ನನ್ನ ಹತ್ರ ಬಸ್ಸಿಗೇ ಚಿಲ್ಲರೆ ಇಲ್ಲ ಮಾರಾಯ್ತಿ" ಎಂದು ಜೇಬು ಹೊರಗೆಳೆದು ತೋರಿಸಿದರು. ಆ ಮನುಷ್ಯನಿಗೆ ಸುಳ್ಳು ಹೇಳಲು ಬರುವುದಿಲ್ಲ, ಕಿವಿ ಕೆಂಪಾಗುತ್ತದೆ. ಅಂದು ಕಿವಿ ಸರಿಯಾಗಿಯೇ ಇತ್ತು.

ಹಾಗಾದರೆ ಇದು ಯಾರದು? ಮಂಡಿನೋವಿನವರು ತಮ್ಮ ಷೇರುಗಳನ್ನು ಗಟ್ಟಿ ಕಾಲಿನ ನೆಂಟರ ಹೆಸರಿಗೆ ಮಾಡಿಸಿ ಮೆಟ್ಟಿಲು ಅಲ್ಲಿ ಬಿಟ್ಟುಬರುವುದು ನಮ್ಮೂರಿನಲ್ಲಿ ಇದೆ. ಯಾರಾದರೂ ನನ್ನ ಹೆಸರಿಗೆ ಹಾಗೆ ಮಾಡಿದರೇ? ಗುರುತಿನ ಚೀಟಿಯ ನಕಲು ಯಾರ್ಯಾರಿಗೆ ಕೊಟ್ಟಿದ್ದೆ ಎಂದು ನೆನಪು ಮಾಡಿಕೊಂಡೆ. ಕೊರಿಯರ್ ಆಫೀಸಿಗೆ ಹೋಗಿ ಕೇಳಿದೆ, ಬ್ಯಾಂಕಿಗೆ ಹೋಗಿ ಕೇಳಿದೆ. ಬ್ಯಾಂಕಿನವರು ನನ್ನ ಹೆಸರಲ್ಲಿ ಹೊಸದೇನೂ ಇಲ್ಲ ಎಂದರು. ಎದುರು ಮನೆಯ ತಾರಾಮಣಿಯವರಿಗೆ ಇಂಥ ವಿಷಯವೆಲ್ಲ ಗೊತ್ತಿರುತ್ತದೆ ಎಂದು ಅಲ್ಲಿಗೂ ಹೋದೆ. ಅವರು ನನ್ನ ಮುಖ ನೋಡಿ, ಸೆರಗು ಬಾಯಿಗೊತ್ತಿಕೊಂಡು, "ಬಂದಿದ್ದು ಬಂತು, ಇರ್ಲಿ ಬಿಡಮ್ಮ" ಎಂದರು. ನಗುತ್ತಿದ್ದರೋ ಕೆಮ್ಮುತ್ತಿದ್ದರೋ ನನಗೆ ತಿಳಿಯಲಿಲ್ಲ.

ಇನ್ನೂ ವಿಚಿತ್ರ ಎಂದರೆ ಅತ್ತೆ. ಅಂದು ಸಾಯಂಕಾಲ ಬಾಗಿಲ ತನಕ ಬಂದು ಕೆಳಗೆ ನೋಡಿದರು. ನಾನು ಎದೆ ಹಿಡಿದುಕೊಂಡು ನಿಂತಿದ್ದೆ, ಈಗ ಅಳುತ್ತಾರೆ, ಈಗ ಕುಸಿಯುತ್ತಾರೆ ಎಂದು. "ಇವತ್ತು ಹೋಗಲ್ಲ ಬಿಡು, ಮೋಡ ಆಗಿದೆ" ಎಂದು ಒಳಗೆ ಹೋದರು. ಮರುದಿನ, "ಯಾಕೋ ಬೇಜಾರು, ಹೋಗಲ್ಲ." ಮೂರನೆಯ ದಿನವೂ ಒಂದು ನೆಪ. ಆದರೆ ಮುಖದಲ್ಲಿ ಬೇಜಾರಿನ ಗುರುತೇ ಇಲ್ಲ! ಬೀದಿ ನೋಡದಿದ್ದರೆ ಅನ್ನ ಇಳಿಯದವರು ಚಪಾತಿ ಎರಡು ಜಾಸ್ತಿ ತಿಂದರು. ಬಾಗಿಲಿಗೆ ಒರಗಿ ನಿಂತು ಕೆಳಗೆ ನೋಡುವುದು, ಒಳಗೆ ಹೋಗುವುದು, ಮತ್ತೆ ಬಂದು ನೋಡುವುದು. ನನ್ನ ಮನಸ್ಸಿಗೆ ಹಿಂಸೆಯಾಗಬಾರದು ಎಂದು ದುಃಖ ನುಂಗುತ್ತಿದ್ದಾರೆ ಎಂದುಕೊಂಡೆ. ನನಗೇ ಅಳು ಬಂತು. ಶುಕ್ರವಾರ ಬೆಳಗ್ಗೆ ಹೋಗಿ ಮರಿಸ್ವಾಮಿಯನ್ನು ಕರೆದುಕೊಂಡು ಬಂದೆ.

ಮರಿಸ್ವಾಮಿ ನಮ್ಮೂರಿನ ಮೆಟ್ಟಿಲು ಒಡೆಯುವವನು. ಮೆಟ್ಟಿಲು ಒಡೆದರೆ ಆ ಮೆಟ್ಟಿಲು ಯಾರದೋ ಅವರ ಸಂಪತ್ತು ಅಷ್ಟಕ್ಕಷ್ಟೇ ಕರಗಿಹೋಗುತ್ತದೆ, ಎಲ್ಲಿಗೆ ಎಂದು ಬ್ಯಾಂಕಿನವರಿಗೂ ಗೊತ್ತಿಲ್ಲ. ಅದಕ್ಕೇ ಅವನಿಗೆ ವರ್ಷಕ್ಕೆ ಎರಡು ಮೂರು ಕೆಲಸ ಸಿಕ್ಕರೆ ಹೆಚ್ಚು. ಅವನ ಮನೆತನದ ಪದ್ಧತಿ ಒಂದಿದೆ. ಸುತ್ತಿಗೆ ಎತ್ತುವ ಮುಂಚೆ ಬೀದಿಗೆ ಕೇಳುವ ಹಾಗೆ, "ಈ ಮೆಟ್ಲು ಯಾರ್ದು?" ಎಂದು ಮೂರು ಸಲ ಕೂಗಬೇಕು. ಮೂರು ಸಲವೂ ಒಡೆಯರು ನನ್ನದು ಎಂದು ಒಪ್ಪಿಕೊಳ್ಳಬೇಕು. ಆಮೇಲೆಯೇ ಏಟು.

ಅವನು ಪಂಚೆ ಎತ್ತಿ ಕಟ್ಟಿ, ಕಲ್ಲಿಗೆ ನೀರು ಚಿಮುಕಿಸಿ ಕೂಗಿದ. "ಈ ಮೆಟ್ಲು ಯಾರ್ದು?"

"ನಂದು, ಒಡೀರಿ" ಎಂದೆ. ಯಾರದಾದರೇನು, ನನ್ನ ಬಾಗಿಲಿಗೆ ಬಂದಮೇಲೆ ನನ್ನದೇ.

"ಈ ಮೆಟ್ಲು ಯಾರ್ದು?"

"ನಂದೂಂತ ಹೇಳಿದ್ನಲ್ಲ."

ಅಕ್ಕಪಕ್ಕದವರು ಹೊರಗೆ ಬಂದಿದ್ದರು. ತಾರಾಮಣಿಯವರು ಜಗಲಿಯಿಂದ ಎದ್ದು ನಿಂತು ಎರಡೂ ಕೈ ತಲೆಯ ಮೇಲಿಟ್ಟುಕೊಂಡಿದ್ದರು. ಮರಿಸ್ವಾಮಿ ಸುತ್ತಿಗೆಯನ್ನು ಹೆಗಲ ಮಟ್ಟಕ್ಕೆ ತಂದು ಮೂರನೆಯ ಸಲ ಕೂಗಿದ. "ಈ ಮೆಟ್ಲು ಯಾರ್ದು?"

"ನಂದು ಕಣಯ್ಯ! ಸುತ್ತಿಗೆ ಕೆಳಗಿಡು!"

ನನ್ನ ಹಿಂದೆ, ಹೊಸಿಲ ಮೇಲೆ, ಅತ್ತೆ ನಿಂತಿದ್ದರು. ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು, ಕೈಯಲ್ಲಿ ಫೋನು. ಅವರ ಗಂಟಲು ಅಷ್ಟು ದೊಡ್ಡದೆಂದು ನನಗೆ ಇಪ್ಪತ್ತೆರಡು ವರ್ಷದಲ್ಲಿ ಗೊತ್ತಿರಲಿಲ್ಲ. ಮರಿಸ್ವಾಮಿ ಪಟಕ್ಕನೆ ಸುತ್ತಿಗೆ ಕೆಳಗಿಟ್ಟು, "ಇಬ್ರು ನಂದು ಅಂದ್ರೆ ನಾನು ಮುಟ್ಟಂಗಿಲ್ಲಮ್ಮ, ನಮ್ಮಪ್ಪ ಹೇಳವ್ರೆ" ಎಂದು ಅರ್ಧ ಕೂಲಿ ಕೇಳಿ ಇಸಕೊಂಡು ಹೋದ.

ಒಳಗೆ ಕೂರಿಸಿ ಕೇಳಿದೆ. ಏನೆಂದು ಹೇಳಲಿ! ನಮ್ಮತ್ತೆ ಜನರನ್ನು ನಿದ್ದೆಯಿಂದ ಎಬ್ಬಿಸುವ ವ್ಯಾಪಾರ ಮಾಡುತ್ತಿದ್ದರು. ಮೂರು ವರ್ಷದ ಹಿಂದೆ ತಾರಾಮಣಿಯವರ ಮೊಮ್ಮಗಳು ನರ್ಸಿಂಗ್ ಹಾಸ್ಟೆಲಿನಲ್ಲಿ ಏಳಲಾರದೆ ಕ್ಲಾಸು ತಪ್ಪಿಸಿಕೊಳ್ಳುತ್ತಿದ್ದಳಂತೆ. ಅತ್ತೆ ದಿನಾ ಬೆಳಗ್ಗೆ ಫೋನು ಮಾಡಿ ಬೈದು ಎಬ್ಬಿಸಿದರಂತೆ. ಅವಳ ಗೆಳತಿ "ನನ್ನನ್ನೂ ಎಬ್ಬಿಸಿ ಅಜ್ಜಿ" ಎಂದಳಂತೆ, ಆಮೇಲೆ ಇನ್ನೊಬ್ಬಳು. ತಾರಾಮಣಿಯವರು ಅದಕ್ಕೆ ಫೋನಿನಲ್ಲಿ ಪ್ರಕಟಣೆ ಹಾಕಿದರಂತೆ, "ಪ್ರೀತಿಯಿಂದ ಎಬ್ಬಿಸಲಾಗುವುದು, ಬೈದು ಎಬ್ಬಿಸಲು ಹತ್ತು ರೂಪಾಯಿ ಹೆಚ್ಚು" ಎಂದು. ಈಗ ನಲವತ್ತಾರು ಜನ. ಹೆಂಡತಿ ತೀರಿಹೋದ ಲಾರಿ ಮಾಲೀಕ, ಪರೀಕ್ಷೆಗೆ ಓದುವವರು, ಬೆಳಗಿನ ಪಾಳಿಯ ಕಾನ್‌ಸ್ಟೇಬಲ್, ಒಬ್ಬ ಡಾಕ್ಟರು ಕೂಡ. ನಲವತ್ತು ಜನ ಬೈಸಿಕೊಳ್ಳುವವರೇ. ಬೆಳಗ್ಗೆ ಐದರಿಂದ ಆರೂಮುಕ್ಕಾಲರ ತನಕ ಅತ್ತೆಯ ಕೋಣೆಯ ಮುಚ್ಚಿದ ಬಾಗಿಲಾಚೆ ಗುಣುಗುಣು ಕೇಳಿಸುತ್ತಿತ್ತು, ನಾನು ಸಹಸ್ರನಾಮ ಎಂದುಕೊಂಡಿದ್ದೆ. ಸಹಸ್ರನಾಮದ ನಡುವೆ "ಕತ್ತೆ" ಎಂಬ ಮಾತು ಯಾಕೆ ಬರುತ್ತದೆ ಎಂದು ನನಗೆ ಒಂದು ದಿನವೂ ಹೊಳೆಯಲಿಲ್ಲ.

"ದುಡ್ಡು ಏನು ಮಾಡಿದ್ರಿ?" ಎಂದೆ.

"ತಾರಾ ತಿಂಗ್ಳು ತಿಂಗ್ಳೂ ಅದ್ಯಾವುದೋ ಫಂಡಿಗೆ ಹಾಕಿಸ್ತಾ ಇದ್ಲು, ನನ್ನ ಹೆಸ್ರಿಗೇ. ಮಡಕೇಲಿಟ್ಟ ಹಾಗೆ ಸುಮ್ನೆ ಇರತ್ತೆ ಅಂದ್ಕೊಂಡಿದ್ದೆ ಕಣೇ. ಅದು ತನ್ನ ಪಾಡಿಗೆ ತಾನು ಬೆಳೆದಿದೆ! ಹೋದ ತಿಂಗ್ಳು ತೋರಿಸಿದ್ಲು, ನಂಗೆ ನಂಬಕ್ಕೇ ಆಗ್ಲಿಲ್ಲ. ಆಮೇಲೆ ಮಣ್ಣು ಉಬ್ಬಿತು."

"ಅದಕ್ಕೆ ಗೋಣಿಚೀಲ ಮುಚ್ಚಿಸಿದ್ರಾ?"

"ನೀನು ನೋಡಿದ್ರೆ ಮೈಸೂರುಪಾಕು ಹಂಚ್ತಿದ್ದೆ."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ಅಲ್ಲಾ ಅತ್ತೆ, ಆರು ವರ್ಷದಿಂದ ನಿಮ್ಮ ಮಂಡಿಗೋಸ್ಕರ ಬಂದ ಸೀರೇನೆಲ್ಲ ವಾಪಸ್ ಕಳಿಸ್ತಾ ಇದೀನಿ. ಇನ್ನೂರು ಸೀರೆ ಬೇಡ ಅಂದೆ! ನೀವು ಬೀದಿಗಿಳೀಬೇಕು ಅಂತ ನಾನು ನನ್ನ ಕೈ ಕಟ್ಕೊಂಡು ಕೂತಿದ್ರೆ, ನೀವು ಕದ್ದು ಮೆಟ್ಟಿಲು ತಂದು ನಿಮ್ಮ ಬಾಗಿಲು ನೀವೇ ಹಾಕ್ಕೊಂಡ್ರಾ?"

ಅತ್ತೆ ಫೋನನ್ನು ಮಡಿಲಲ್ಲಿ ಇಟ್ಟುಕೊಂಡರು. ಆಮೇಲೆ ಕೇಳಿದರು. "ನನ್ನ ಕೇಳಿದ್ಯಾ ನೀನು?"

"ಏನನ್ನ?"

"'ಅತ್ತೆ, ಐದನೇದು ತರ್ಲಾ, ನಿಮ್ಗೆ ಕಷ್ಟ ಆಗತ್ತಾ' ಅಂತ. ಆರು ವರ್ಷದಲ್ಲಿ ಒಂದ್ಸಲ ಕೇಳಿದ್ಯಾ? ನನ್ನ ಮಂಡೀನ ನೀನೇ ಎಣಿಸಿ ನೀನೇ ತೀರ್ಮಾನ ಮಾಡಿದೆ."

ಕೇಳಿರಲಿಲ್ಲ. ಅದು ಕೇಳುವ ವಿಷಯ ಎಂದೇ ನನಗೆ ಅನ್ನಿಸಿರಲಿಲ್ಲ.

"ನೋಡು ಮಾಲಾ" ಎಂದು ಅತ್ತೆ ಬೆರಳು ಮಡಿಸಿದರು. "ನಾನು ಹುಟ್ಟಿದ ಮನೇಲಿ ಮೂರು ಮೆಟ್ಲು, ಅಪ್ಪಂದು. ಇಲ್ಲಿಗೆ ಬಂದಾಗ ಎರಡು, ಮಾವಂದು. ಮೂರನೇದು ನಮ್ಮ ಯಜಮಾನ್ರದು. ನಾಲ್ಕನೇದು ನಿಂದು. ಎಲ್ಲಾನೂ ತೊಳೆದು ರಂಗೋಲಿ ಹಾಕ್ದೋಳು ನಾನು. ಅದರಲ್ಲಿ ಒಂದಾದ್ರೂ ಪುಟ್ಟಗೌರಂದು ಅಂತ ಇತ್ತಾ? ಇದೊಂದು ಬಂತು, ನೀನು ಸುತ್ತಿಗೆ ತರಿಸ್ದೆ."

"ಅದರ ಮೇಲೆ ಕಾಲಿಡಕ್ಕೆ ಆಗಲ್ವಲ್ಲ ಅತ್ತೆ, ನಿಮಗೆ."

"ಆಗ್ದಿದ್ರೆ ಬಿಡು. ಕಣ್ಣು ಕಾಣತ್ತಲ್ಲ, ನೋಡ್ತೀನಿ."

ಅಂದು ಸಾಯಂಕಾಲ ಅವರು ನಾಲ್ಕು ಮೆಟ್ಟಿಲು ಇಳಿದು, ನಾಲ್ಕನೆಯದರ ಮೇಲೆ ಕೂತು, ಎರಡೂ ಪಾದವನ್ನು ಐದನೆಯದರ ಮೇಲೆ ಇಟ್ಟುಕೊಂಡರು. ಭಾರ ಬಿಡದಿದ್ದರೆ ಮಂಡಿಗೆ ತೊಂದರೆಯಿಲ್ಲ. ಪಾದದಿಂದ ಆ ಸವೆದ ಗುಂಡಿಯನ್ನು ಮೆಲ್ಲಗೆ ತಡವಿ ನೋಡುತ್ತಿದ್ದರು. ತಾರಾಮಣಿಯವರು ರಸ್ತೆ ದಾಟಿ ಬಂದು ಪಕ್ಕದಲ್ಲಿ ಕೂತರು. ಸಿಟ್ಟು ಇನ್ನೂ ಇಳಿದಿರದ ನಾನು ಇಬ್ಬರಿಗೂ ಕಾಫಿ ಕೊಟ್ಟು ಒಳಗೆ ಬಂದೆ.

ಹೀಗೆ ಐದು ವಾರ ಕಳೆಯಿತು. ಮೊದಲ ವಾರದ ಸಂಭ್ರಮ ಆಮೇಲೆ ಉಳಿಯಲಿಲ್ಲ, ಅದು ನನಗೆ ಕಾಣುತ್ತಿತ್ತು. ನಾಲ್ಕನೆಯ ಮೆಟ್ಟಿಲಿಂದ ತಿರುವಿನಾಚೆಯ ಅರಳಿಕಟ್ಟೆ ಕಾಣುವುದಿಲ್ಲ. ಅತ್ತೆ ಕತ್ತು ಉದ್ದ ಮಾಡಿ ನೋಡುತ್ತಿದ್ದರು. "ಹೂವಿನವಳ ಮಗಳಿಗೆ ಹೆರಿಗೆ ಆಯ್ತಾ?" ಎಂದು ಹೋಗಿ ಬರುವವರನ್ನೆಲ್ಲ ಕೇಳುತ್ತಿದ್ದರು. ಯಾರಾದರೂ ನಿಂತು ಉತ್ತರ ಕೊಟ್ಟರೆ ಸೈ, ಇಲ್ಲದಿದ್ದರೆ ಇಲ್ಲ. ರಾತ್ರಿ ಅನ್ನ ತಟ್ಟೆಯಲ್ಲಿ ಉಳಿಯತೊಡಗಿತು. ಒಡೆಸೋಣವೇ ಎಂದು ನಾನು ಕೇಳಲಿಲ್ಲ, ಕೇಳಿದ್ದರೂ ಅವರು ಒಪ್ಪುತ್ತಿರಲಿಲ್ಲ.

ಆರನೆಯ ವಾರ ಷೇರುಪೇಟೆ ಬಿತ್ತು. ಬಿದ್ದದ್ದು ಎಂದರೆ ಹಾಗೆ ಹೀಗೆ ಅಲ್ಲ. ಬುಧವಾರ ಬೆಳಗ್ಗೆಯಿಂದ ಊರಿನಲ್ಲಿ ದಢ್ ದಢ್ ಎಂದು ಮನೆಗಳು ಇಳಿಯುವ ಸದ್ದು. ಪದ್ಮನಾಭಯ್ಯನವರ ಮನೆ ಮಧ್ಯಾಹ್ನದೊಳಗೆ ಇಪ್ಪತ್ತು ಮೆಟ್ಟಿಲು ಕಳೆದುಕೊಂಡಿತು. ಕೆಳಗೆ ಬಿಟ್ಟಿದ್ದ ಬುಟ್ಟಿಯ ಹಗ್ಗ ಸುರುಳಿ ಸುರುಳಿಯಾಗಿ ಸೊಪ್ಪಿನವಳ ತಲೆಯ ಮೇಲೆ ಬಿತ್ತಂತೆ. ಎರಡು ಗಂಟೆಗೆ ನಮ್ಮ ಮನೆಯೂ ಸಣ್ಣಗೆ ನಡುಗಿತು, ಗೂಡಿನಲ್ಲಿದ್ದ ದಾರದ ಉಂಡೆಗಳು ಉರುಳಿದವು. ಓಡಿಹೋಗಿ ನೋಡಿದರೆ ಐದನೆಯ ಮೆಟ್ಟಿಲು ಇಲ್ಲ. ಬರೀ ನೆಲ.

ನನಗೆ ಖುಷಿಯಾಯಿತು. ನಾಚಿಕೆಯಿಲ್ಲದೆ ಖುಷಿಯಾಯಿತು. "ಅತ್ತೆ, ಬನ್ನಿ, ನಾಲ್ಕೇ ಇದೆ! ಅರಳಿಕಟ್ಟೆಗೆ ಹೋಗಿಬನ್ನಿ" ಎಂದು ಕೂಗಿದೆ.

ಅವರು ಬಂದರು. ಗೋಡೆ ಹಿಡಿದು ನಾಲ್ಕು ಇಳಿದರು, ಮಣ್ಣಿನ ಮೇಲೆ ನಿಂತರು. ಐದು ವಾರದ ಮೇಲೆ ಬೀದಿಯಲ್ಲಿ ನಿಂತಿದ್ದರು. ತಿರುವಿನ ಕಡೆ ಹೋಗಲಿಲ್ಲ. ಮೆಟ್ಟಿಲು ಇದ್ದ ಜಾಗವನ್ನು ಹೆಬ್ಬೆರಳಿಂದ ಒತ್ತಿ ಒತ್ತಿ ನೋಡಿದರು.

"ನಂದು ಹೋಯ್ತಲ್ಲೇ" ಎಂದರು. ಅವರ ಕಣ್ಣಿಂದ ನೀರು ಇಳಿಯಿತು. ನಮ್ಮ ಮಾವ ತೀರಿಕೊಂಡಾಗಲೂ ಬೀದಿಯಲ್ಲಿ ಅಳದವರು ಅವರು. ನನ್ನ ಖುಷಿ ಎಲ್ಲಿ ಅಡಗಿತೋ ಗೊತ್ತಿಲ್ಲ. ಇಳಿದುಹೋಗಿ ಅವರ ಪಕ್ಕದಲ್ಲಿ ನಿಂತೆ. ಪೇಟೆ ಬಿದ್ದದ್ದು ಏಳುತ್ತದೆ ಅತ್ತೆ, ಕಂತು ನಿಲ್ಲಿಸಬೇಡಿ, ತಾರಾಮಣಿಯವರನ್ನೇ ಕೇಳಿ ಎಂದು ನನಗೆ ತಿಳಿದದ್ದನ್ನೆಲ್ಲ ಹೇಳಿದೆ. ಅವರು ಸೆರಗಿನಿಂದ ಮುಖ ಒರೆಸಿಕೊಂಡು, ಹೋಗುವ ಬದಲು ತಿರುಗಿ ಮತ್ತೆ ನಾಲ್ಕೂ ಮೆಟ್ಟಿಲು ಹತ್ತಿದರು. ಹೊಸಿಲ ಮೇಲೆ ನಿಂತು ನನಗೆ ಹೇಳಿದರು.

"ಇನ್ನೂ ಹದಿನೈದು ಜನ ಎಬ್ಬಿಸಿ ಅಂತ ಕೇಳ್ತಾ ಇದಾರೆ. ಹೊತ್ತು ಸಾಲಲ್ಲ ಅಂತ ಬೇಡ ಅಂದಿದ್ದೆ. ನಾಳೆಯಿಂದ ನನ್ನ ನಾಲ್ಕಕ್ಕೇ ಎಬ್ಬಿಸು. ನಂಗೆ ಅಷ್ಟು ಬೇಗ ಎಚ್ಚರ ಆಗಲ್ಲ."

ಮರುದಿನ ನಾಲ್ಕಕ್ಕೆ ಅವರ ಕೋಣೆಗೆ ಹೋಗಿ, ಭುಜ ಮುಟ್ಟಿ, "ಅತ್ತೆ, ಏಳ್ತೀರಾ?" ಎಂದೆ. ಮಗ್ಗುಲು ಬದಲಾಯಿಸಿದರು. ಇನ್ನೊಂದು ಸಲ ಕರೆದೆ. "ಹೀಗೆ ಎಬ್ಬಿಸಿದ್ರೆ ಯಾರು ಏಳ್ತಾರೆ? ಬೈಯೇ" ಎಂದು ಮುಸುಕಿನೊಳಗಿಂದಲೇ ಹೇಳಿದರು. ಇಪ್ಪತ್ತೆರಡು ವರ್ಷ ಬಚ್ಚಲಲ್ಲಿ ಮಾತ್ರ ಬೈದಿದ್ದವಳಿಗೆ ಎದುರಿಗೆ ಬೈಯುವುದು ಸುಲಭವಲ್ಲ. "ಏಳ್ರೀ ಸೋಮಾರಿ ಮುದುಕಿ, ಹದಿನೈದು ಜನ ಗಿರಾಕಿ ಕಾಯ್ತಿದಾರೆ, ಗೊರಕೆ ಹೊಡೀತಾ ಬಿದ್ದಿದೀರಲ್ಲ!" ಎಂದೆ. ಅತ್ತೆ ಎದ್ದು ಕೂತು, ಚೆನ್ನಾಗಿತ್ತು ಎಂದರು. ಅಂದಿನಿಂದ ನಾನು ದಿನಾ ಬೈದೆ. ಎಷ್ಟೋ ವರ್ಷದ್ದು ಸೇರಿತ್ತು, ಸಾಮಾನಿಗೆ ಕೊರತೆ ಬರಲಿಲ್ಲ. ಅವರೂ ತಿರುಗಿಸಿ ಬೈಯುತ್ತಿದ್ದರು. ಆಮೇಲೆ ಇಬ್ಬರೂ ಕಾಫಿ ಕುಡಿಯುತ್ತಿದ್ದೆವು.

ಮೆಟ್ಟಿಲು ವಾಪಸ್ ಬಂದರೆ ಅತ್ತೆಯ ಗತಿ ಏನು ಎಂಬುದು ನನ್ನ ತಲೆಯಲ್ಲಿ ಇದ್ದೇ ಇತ್ತು. ಈ ಸಲ ನಾನೇ ತೀರ್ಮಾನ ಮಾಡಲಿಲ್ಲ, ಕೇಳಿದೆ. "ಅತ್ತೆ, ಮೆಟ್ಟಿಲು ಒಂದೇ ಸಲಕ್ಕೆ ಗೇಣೆತ್ತರ ಬಂದುಬಿಡತ್ತೆ, ಅದಕ್ಕೇ ಮಂಡಿ ಹೆದರೋದು. ಸ್ವಲ್ಪ ಸ್ವಲ್ಪಾನೇ ಬಂದ್ರೆ?" ಎಂದು ಊಟದ ಮಣೆ ಒಂದನ್ನು ತಂದು ನಾಲ್ಕನೆಯ ಮೆಟ್ಟಿಲ ಕೆಳಗೆ ನೆಲದ ಮೇಲೆ ಇಟ್ಟು ತೋರಿಸಿದೆ. ಮಣೆ ಎರಡು 
ಬೆರಳೆತ್ತರ. ಅತ್ತೆ ಅದನ್ನು ನೋಡಿದರು, ನನ್ನನ್ನು ನೋಡಿದರು. "ಇಷ್ಟು ದಿನ ಎಲ್ಲಿಟ್ಟಿದ್ದೆ ಈ ಬುದ್ಧೀನ?" ಎಂದರು.

ಮೊದಲ ವಾರ ಒಂದು ಮಣೆ. ಇಳಿಯುವಾಗ ಅಡ್ಡಿಯಿರಲಿಲ್ಲ, ಹತ್ತುವಾಗ ಮಂಡಿ ಹಟ ಹಿಡಿಯಿತು. ಎರಡನೆಯ ವಾರ ಎರಡು ಮಣೆ. ಒಂದು ದಿನ ಮಂಡಿ ಕಚ್ಚಿಕೊಂಡು ಅರ್ಧ ಗಂಟೆ ಅಲ್ಲೇ ನಿಂತರು, ಬೆವರು ಸುರಿಯಿತು. ಹಿಡಿಯಲು ಹೋದರೆ, "ಹೆಣಾನಾ ನಾನು? ಕೈ ತೆಗಿ" ಎಂದರು. ತಾರಾಮಣಿಯವರು ಜಗಲಿಯಿಂದಲೇ, "ಎಡಗಾಲು ಮೊದ್ಲು ಗೌರೀ, ಎಡಗಾಲು!" ಎಂದು ಕೂಗುತ್ತಿದ್ದರು. ಮೂರು ಮಣೆ, ನಾಲ್ಕು ಮಣೆ. ನಮ್ಮ ಮನೆಯ ಮಣೆ ಸಾಲದೆ ಬೀದಿಯವರ ಮಣೆ ಬಂದವು. ಊಟಕ್ಕೆ ಎಲ್ಲರೂ ಬರೀ ನೆಲದಲ್ಲಿ ಕೂತರು. ಯಜಮಾನರು ಗೊಣಗಲೂ ಇಲ್ಲ, ಅಮ್ಮ ಎಷ್ಟನೇ ಮಣೆಯಲ್ಲಿದ್ದಾರೆ ಎಂದು ಸೊಸೈಟಿಯಲ್ಲಿ ದಿನಾ ಹೇಳುತ್ತಿದ್ದರಂತೆ.

ಕಾರ್ತಿಕದ ಒಂದು ಬೆಳಗ್ಗೆ ನೀರು ಹಾಕಲು ಬಾಗಿಲು ತೆಗೆದಾಗ ಮಣೆಗಳೆಲ್ಲ ಬೀದಿಯಲ್ಲಿ ಚೆಲ್ಲಾಪಿಲ್ಲಿಯಾಗಿ ಬಿದ್ದಿದ್ದವು. ಅವುಗಳ ಜಾಗದಲ್ಲಿ, ಅದೇ ಸವೆದ ನಡು, ಅದೇ ಪಾಚಿಯ ಅಂಚು. ಒಳಗೆ ಅತ್ತೆ ಕೊನೆಯ ಗಿರಾಕಿಯನ್ನು ಎಬ್ಬಿಸುತ್ತಿದ್ದರು. "ಹಲ್ಲುಜ್ಜಿದ್ಯೇನೋ? ಮತ್ತೆ ಮಲಗಿದ್ರೆ ನೋಡು, ಕತ್ತೆ." ನಾನು ಹೋಗಿ ಬಾಗಿಲಲ್ಲಿ ನಿಂತೆ. ಅವರಿಗೆ ನನ್ನ ಮುಖ ನೋಡಿಯೇ ತಿಳಿಯಿತು.

ಹೊಸಿಲಿಗೆ ಬಂದರು. ಸೆರಗು ಸಿಕ್ಕಿಸಿದರು. ಒಂದು, ಎರಡು, ಮೂರು, ನಾಲ್ಕು. ಅಲ್ಲಿ ನಿಂತರು. ತಾರಾಮಣಿಯವರು ಎದುರು ಜಗಲಿಯಲ್ಲಿ ಎದ್ದು ನಿಂತಿದ್ದರು, ಈ ಸಲ ಕೂಗಲಿಲ್ಲ. ಅತ್ತೆ ಎಡಗಾಲನ್ನು ಐದನೆಯದರ ಮೇಲೆ ಇಟ್ಟು, ಗೋಡೆಯಿಂದ ಕೈ ಬಿಟ್ಟು, ಪೂರ್ತಿ ಭಾರ ಹಾಕಿದರು. ಮಂಡಿ ಒಮ್ಮೆ ಅದುರಿತು. ಬಲಗಾಲೂ ಬಂತು. ತಮ್ಮ ಮೆಟ್ಟಿಲ ಮೇಲೆ ಎರಡು ಕಾಲಲ್ಲಿ ನಿಂತು ಸ್ವಲ್ಪ ಹೊತ್ತು ಬೀದಿಯ ಆ ಕಡೆ ಈ ಕಡೆ ನೋಡಿದರು. ಆಮೇಲೆ ಮಣ್ಣಿಗಿಳಿದು, ತಿರುವಿನ ಕಡೆ ನಾಲ್ಕು ಹೆಜ್ಜೆ ಹೋದರು.

ಅಲ್ಲಿಂದ ತಿರುಗಿ ನನ್ನನ್ನು ಕೂಗಿದರು. "ಮಾಲಾ, ಆ ಇನ್ನೂರು ಸೀರೆ ಅಂಗಡಿಯೋರು ಮತ್ತೆ ಕೇಳಿದ್ರಾ?"

"ಹೋದ ವಾರ ಕೇಳಿದಾರೆ" ಎಂದೆ. "ಅತ್ತೆ, ಆರನೇದು ತರ್ಲಾ? ನಿಮಗೆ ಕಷ್ಟ ಆಗತ್ತಾ?"

"ಆಗತ್ತೆ" ಎಂದರು ಅತ್ತೆ. "ತಾ."

ಅವರು ತಿರುವು ದಾಟಿ ಕಾಣದಾದರು. ನಾನು ಒಳಗೆ ಹೋಗಿ ಸೀರೆ ಅಂಗಡಿಯವರಿಗೆ ಒಪ್ಪಿಗೆ ಎಂದು ಬರೆದೆ. ಆಮೇಲೆ ಬೀದಿಗಿಳಿದು ಚೆಲ್ಲಿದ್ದ ಮಣೆಗಳನ್ನೆಲ್ಲ ಆರಿಸಿ, ಒಂದನ್ನು ಒರೆಸಿ, ಐದನೆಯ ಮೆಟ್ಟಿಲ ಕೆಳಗೆ ಇಟ್ಟೆ.